ಅಬುಧಾಬಿ ದಾರಿಯಲ್ಲಿ ಹೈಟಿ

ಅವರ ಎಡ ಮುಂಗೈ ಬಲಗೈಗಿಂತ ಎರಡು ಪಟ್ಟು ಕಪ್ಪು. ವರ್ಷಗಟ್ಟಲೆ ದುಬೈ–ಅಬುಧಾಬಿ ನಡುವೆ ಕಾರು ಓಡಿಸಿದವರು. ಅಲ್ಲಿ ಸ್ಟೀರಿಂಗ್ ಎಡಗಡೆ, ಕಿಟಕಿಯ ಬಿಸಿಲೆಲ್ಲ ಆ ಕೈಗೇ ಬೀಳುತ್ತಿತ್ತು. ಬಲಗೈಗೆ ಬೇರೆ ಕೆಲಸ. ಅದು ಆಗಾಗ ಸ್ಟೀರಿಂಗ್ ಬಿಟ್ಟು ಗಾಳಿಯಲ್ಲಿ ಕುದುರೆಗಳನ್ನು ಓಡಿಸುತ್ತಿತ್ತು, ಕೋಟೆಗಳನ್ನು ಕೆಡವುತ್ತಿತ್ತು. ಇಷ್ಟು ಖಚಿತ. ಉಳಿದದ್ದರಲ್ಲಿ ನನ್ನ ನೆನಪು ಎಲ್ಲೆಲ್ಲಿ ತೇಪೆ ಹಾಕಿದೆಯೋ, ನನಗೂ ಗೊತ್ತಿಲ್ಲ.

ಉಳ್ಳಾಲದ ಬ್ಯಾರಿ, ಅಬುಧಾಬಿಯ ಖಾಲಿದಿಯಾದ ನಮ್ಮ ಕಚೇರಿಯಲ್ಲಿ ಖರೀದಿ ವಿಭಾಗದವರು. ದುಬೈಯ ಅಲ್ ಮುರಕ್ಕಬಾತ್‌ನಿಂದ ದಿನವೂ ಅವರ ಕಾರಿನಲ್ಲಿ ಮೈಸೂರಿನ ನಾನು ಮತ್ತು ಉಡುಪಿಯ ಒಬ್ಬ ಅಕೌಂಟೆಂಟ್ ಹೋಗಿಬರುತ್ತಿದ್ದೆವು. ಅವರನ್ನು ಕಾಕ ಎಂದು ಕರೆಯುತ್ತಿದ್ದೆವು. ರೇಡಿಯೋ ಹಾಕಲು ಬಿಡುತ್ತಿರಲಿಲ್ಲ, ಚರಿತ್ರೆ ಹೇಳುತ್ತಿದ್ದರು. ಅದೂ ದೊಡ್ಡ ದೊಡ್ಡ ಚಕ್ರವರ್ತಿಗಳದ್ದಲ್ಲ.

“ಅವರಿಗೆಲ್ಲ ಪ್ರತಿಮೆ ಉಂಟಲ್ಲ ಮಾರಾಯ, ಮತ್ತೆ ನಾನು ಎಂತಕ್ಕೆ?”

ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ದಖ್ಖನಿನಲ್ಲಿ ಮೊಗಲರ ಸೈನ್ಯವನ್ನು ಕಂಗೆಡಿಸಿದ ಸೇನಾನಿಯನ್ನು ನಾನು ಮೊದಲು ಕಂಡದ್ದು ಆ ಕಾರಿನ ಹಿಂದಿನ ಸೀಟಿನಲ್ಲಿ. ಬೆಳಿಗ್ಗೆ ಅರ್ಧವಾದ ಕತೆ ಸಂಜೆ ಮುಂದುವರಿಯಬೇಕಾದರೆ ಒಂದು ಪದ್ಧತಿಯಿತ್ತು. ಎಲ್ಲಿಗೆ ನಿಂತಿತ್ತು ಎಂದು ನಾವು ಹೇಳಬೇಕು. ತಪ್ಪು ಹೇಳಿದರೆ ಕಾಕ ಬೈದು, ಮೊದಲಿಂದ ಶುರು ಮಾಡುತ್ತಿದ್ದರು.

ಹೈಟಿಯ ಕತೆ ಮಾತ್ರ ನಡುವಿನಲ್ಲೇ ನಿಂತಿತು. ಕಬ್ಬಿನ ತೋಟಗಳ ಆ ದ್ವೀಪದಲ್ಲಿ ಗುಲಾಮರು ದಂಗೆಯೆದ್ದಿದ್ದರು. ಅವರನ್ನು ಅಡಗಿಸಲು ಫ್ರೆಂಚರ ಹಡಗುಗಳು ಬಂದು ತೀರ ಮುಟ್ಟಿದ್ದವು. ಆ ವಾರಾಂತ್ಯದಲ್ಲೇ ಕಾಕನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು. ಮಾತೂ ಹೋಯಿತು.

ಎಲ್ಲವೂ ಅರ್ಥವಾಗುತ್ತದೆ, ಪದ ಮಾತ್ರ ಹೊರಬರುತ್ತಿಲ್ಲ, ಬರಲೂಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಮನೆಗೆ ನೋಡಲು ಬಂದವರೆಲ್ಲ ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಮಾತಾಡುತ್ತಿದ್ದರು. ಕಾಕ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

“ಇವರ ಬಾಯಿ ಒಮ್ಮೆ ಮುಚ್ಚಿದ್ರೆ ಸಾಕು ಅಂತಿದ್ದೆ,” ಎಂದರು ಅವರ ಹೆಂಡತಿ, ನಮ್ಮಿಬ್ಬರಿಗೆ ಚಹಾ ಕೊಡುತ್ತ. “ಈಗ ಈ ಮನೆಯಲ್ಲಿ ಕೂತ್ಕೊಳ್ಳಿಕ್ಕೆ ಆಗುದಿಲ್ಲ.”

ಅಕೌಂಟೆಂಟ್ ನನ್ನನ್ನು ನೋಡಿದ. “ಹೋಯ್, ಕತೆ ಎಲ್ಲಿಗೆ ನಿಂತದ್ದು?”

ನಾನು ಬೇಕೆಂದೇ ತಪ್ಪಾಗಿ ಹೇಳಿದೆ: “ಮುಗೀತಲ್ಲ. ಫ್ರೆಂಚರಿಗೆ ಸೊಳ್ಳೆ ಕಚ್ಚಿತು, ಜ್ವರ ಬಂತು, ಸತ್ತರು. ಖಲಾಸ್.”

“ಹೌದು ಮತ್ತೆ. ಗುಲಾಮರು ಎಂತ ಮಾಡಿದ್ದು? ಮರದಡಿ ಕೂತು ನೋಡಿದ್ದಷ್ಟೆ,” ಎಂದ ಅಕೌಂಟೆಂಟ್.

ಕಾಕ ತಿರುಗಿದರು. ಕುತ್ತಿಗೆಯ ನರ ಉಬ್ಬಿತ್ತು. ಎಡಗೈಯಿಂದ ಮಂಚದ ಅಂಚು ಹಿಡಿದು ಎದ್ದು ಕೂತರು. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

ಆಗ ಹೊರಬಂದ ಪದ ಯಾವುದು ಎಂಬ ಬಗ್ಗೆ ಇವತ್ತಿಗೂ ಜಗಳವಿದೆ. “ಅಲ್ಲ” ಎಂದರೆಂದು ಅವರ ಹೆಂಡತಿ. “ಮಂಗ” ಎಂದು ನಿನ್ನನ್ನೇ ಬೈದದ್ದು ಎಂದು ಅಕೌಂಟೆಂಟ್. “ಜನ” ಎಂದು ನನ್ನ ಕಿವಿಗೆ ಕೇಳಿಸಿತು. ಕತೆಗೆ ಅದೇ ಹೊಂದುತ್ತದೆ, ಆದ್ದರಿಂದಲೇ ನನಗೆ ಅನುಮಾನ. ಮೂರರಲ್ಲಿ ಯಾವುದಾದರೂ ಇರಲಿ, ಮೂವರೂ ಅಳುತ್ತಿದ್ದೆವು, ಕಾಕ ಮಾತ್ರ ಸಿಟ್ಟಿನಲ್ಲಿದ್ದರು.

ಅಲ್ಲಿಂದ ಪ್ರತಿ ಶನಿವಾರ ಹೊಸ ಹೊಸ ತಪ್ಪುಗಳನ್ನು ತಯಾರಿಸಿಕೊಂಡು ಹೋದೆವು. ಸಣ್ಣಪುಟ್ಟ ತಪ್ಪಿಗೆ ಕಾಕ ಕಣ್ಣೂ ತೆರೆಯುತ್ತಿರಲಿಲ್ಲ. ಅವರನ್ನು ಕೆರಳಿಸುವಂಥ ತಪ್ಪು ಹೇಳಬೇಕಾದರೆ ಮೊದಲು ಸರಿ ಯಾವುದೆಂದು ತಿಳಿದಿರಬೇಕು. ಹಾಗಾಗಿ ಕೋಡ್ ಬರೆಯುವುದಷ್ಟೇ ಗೊತ್ತಿದ್ದ ನಾನು ಚರಿತ್ರೆ ಓದತೊಡಗಿದೆ. ಇಂದಿಗೂ ಓದುತ್ತಿದ್ದೇನೆ. ಆ ಋಣ ತೀರುವಂಥದ್ದಲ್ಲ.

ತಿಂಗಳುಗಳ ಮೇಲೆ, ಪದಗಳು ಒಂದೊಂದಾಗಿ ಮರಳತೊಡಗಿ, ಕಾಕ ಮತ್ತೆ ಕೆಲಸಕ್ಕೆ ಹೊರಟ ದಿನ ನನ್ನ ಪಕ್ಕದ ಸೀಟಿನಲ್ಲಿದ್ದರು. ಕಾರು ನಾನು ಓಡಿಸುತ್ತಿದ್ದೆ. ದುಬೈಯಲ್ಲಿ ನಮ್ಮ ದೇರಾ ಪ್ರದೇಶ ದಾಟುವ ಮೊದಲೇ ಫ್ರೆಂಚರ ಹಡಗುಗಳು ಮತ್ತೆ ದಡ ಮುಟ್ಟಿದವು. ಒಂದೊಂದು ಪದಕ್ಕೂ ಕಾದೆವು. ಫ್ರೆಂಚರ ಜೊತೆ ಬಂದ ಪೋಲೆಂಡಿನ ಸಿಪಾಯಿಗಳಲ್ಲಿ ಕೆಲವರು, ತಾವು ಯಾರ ಮೇಲೆ ಗುಂಡು ಹಾರಿಸುತ್ತಿದ್ದೇವೆಂದು ತಿಳಿದು, ಗುಲಾಮರ ಕಡೆಗೇ ಸೇರಿಕೊಂಡರಂತೆ. ಅದನ್ನು ಹೇಳುವಷ್ಟರಲ್ಲಿ ಅಬುಧಾಬಿ ಬಂದಿತ್ತು.

“ಸೋತವರಿಗೆ... ನಾಚಿಕೆ,” ಎಂದರು. “ಗೆದ್ದವರ ಹೆಸರು... ಹೇಳ್ಲಿಕ್ಕೆ. ಅದಕ್ಕೆ... ಜ್ವರದ ಹೆಸರು.”

ಕಚೇರಿಯ ಮುಂದೆ ಕಾರು ನಿಧಾನಿಸಿದೆ. ಅವರು ಎಡಗೈ ಬೀಸಿದರು.

“ನಿಲ್ಲಿಸ್ಬೇಡ ಮಾರಾಯ. ಯುದ್ಧ... ಉಂಟು ಇನ್ನೂ.”

“ಕಾಕ, ಮೀಟಿಂಗ್ ಉಂಟು,” ಎಂದ ಹಿಂದಿನಿಂದ ಅಕೌಂಟೆಂಟ್. ಆಮೇಲೆ ಅವನೇ, “ಯಲ್ಲಾ, ಹೋಗು ಹೋಗು,” ಎಂದ.

ಖಾಲಿದಿಯಾವನ್ನು ಸುತ್ತಿ ಸಮುದ್ರದ ಬದಿಗೆ ಬಂದೆವು, ಮತ್ತೆ ಸುತ್ತಿದೆವು. ಮೂವರೂ ತಡವಾಗಿ ಕಚೇರಿ ಸೇರಿದೆವು. ಅಷ್ಟರಲ್ಲಿ ಹೈಟಿ ಸ್ವತಂತ್ರವಾಗಿತ್ತು.