ಇಸ್ತ್ರಿಯ ಬಾಯಿಗೆ ಭಂಡಾರ

ಕಾಶಿಬಾಯಿ ಬೆಳಿಗ್ಗೆ ಇಸ್ತ್ರಿಯ ಪ್ಲಗ್ ಹಾಕಿದ ಕೂಡಲೇ ಗಿರಾಕಿಯ ಬಟ್ಟೆ ಮುಟ್ಟುವುದಿಲ್ಲ. ಮೊದಲು ಮೇಜಿನ ಮೂಲೆಯಲ್ಲಿ ಮಡಿಸಿಟ್ಟ ಹಳೆಯ ಧೋತರದ ತುಂಡೊಂದನ್ನು ಹಾಸುತ್ತಾಳೆ. ಇಸ್ತ್ರಿಯ ಮೇಲಿನ ಸಣ್ಣ ಕೆಂಪು ದೀಪ ಆರುವ ತನಕ ಕೈ ಕಟ್ಟಿಕೊಂಡು ನಿಲ್ಲುತ್ತಾಳೆ. ಆಮೇಲೆ ಉಗಿ ಬಿಟ್ಟು ಆ ತುಂಡಿನ ಮೇಲೆ ಒಮ್ಮೆ ಓಡಿಸಿ, ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾಳೆ. ಬೆಳ್ಳಗೆ ಕಂಡರೆ ಮನೆದೇವರು ಮಾಳಿಂಗರಾಯನನ್ನು ನೆನೆದು ಕೆಲಸಕ್ಕೆ ನಿಲ್ಲುತ್ತಾಳೆ. ಜ್ವರ ಬಂದ ದಿನವೂ, ಮನೆಗೆ ಬೀಗರು ಬಂದ ದಿನವೂ ಇದು ತಪ್ಪಿಲ್ಲ.

ಮಾದನಹಿಪ್ಪರಗಾದಲ್ಲಿ ಅವಳ ಮನೆ ನಮ್ಮ ಓಣಿಯ ಕೊನೆಗಿದೆ. ಗಂಡ ಮಾಳಿಂಗ ಹೊಲದ ಕೆಲಸಕ್ಕೆ ಹೋಗುತ್ತಾನೆ, ಊರಿನ ಡೊಳ್ಳಿನ ಮೇಳದಲ್ಲಿ ಡೊಳ್ಳು ಬಾರಿಸುತ್ತಾನೆ. ಮಾವ ದೇವಿಂದ್ರಪ್ಪ ಒಂದು ಕಾಲಕ್ಕೆ ದೊಡ್ಡ ಹಿಂಡು ಕಾಯ್ದವರು. ಈಗ ಅವರ ಬಳಿ ಉಳಿದಿರುವುದು ಒಂದೇ ಟಗರು. ದಿನವಿಡೀ ಅದರ ಜೊತೆ ಮಾತು, ಅದರ ಜೊತೆಯೇ ಜಗಳ.

ಕಾಶಿಬಾಯಿಯೂ ಮೊದಲು ಹೊಲಕ್ಕೆ ಹೋಗುತ್ತಿದ್ದಳು. ಒಂದು ತೊಗರಿ ರಾಶಿಯ ದಿನ ಚಕ್ಕಡಿಯಿಂದ ಜಾರಿ ಬಿದ್ದಳು. ಅಂದಿನಿಂದ ಬಲಗಾಲಿನ ಮೊಣಕಾಲು ಪೂರ್ತಿ ಮಡಚುವುದಿಲ್ಲ. ಕುಕ್ಕರಗಾಲಲ್ಲಿ ಕುಳಿತು ಕಸ ತೆಗೆಯುವುದು ಆಗದ ಮಾತು. ನಿಂತು ಮಾಡುವ ಕೆಲಸವಾದರೆ ಎಷ್ಟು ಹೊತ್ತಾದರೂ ನಡೆಯುತ್ತದೆ. ಇದನ್ನು ನೋಡಿ ಸೊಲ್ಲಾಪುರದಲ್ಲಿರುವ ಅವಳ ತಮ್ಮ ಅನೀಲಕುಮಾರ ಒಂದು ಉಗಿ ಇಸ್ತ್ರಿ ತಂದುಕೊಟ್ಟ. ಮನೆಯಲ್ಲಿ ಬಳಸುವಂಥದು, ಹೊಟ್ಟೆಯಲ್ಲಿ ಒಂದು ಲೋಟ ನೀರು ಹಿಡಿಯುತ್ತದೆ. ಅದರ ಮೇಲೆಯೇ ಅವಳು ಮಾಸ್ತರರ ಅಂಗಿ, ಕಂಡಕ್ಟರನ ಖಾಕಿ, ನರ್ಸಬಾಯಿಯ ಸೀರೆ ಎಲ್ಲ ಹಿಡಿದಳು. ಊರಲ್ಲಿ ಅವಳಿಗೆ ಇಸ್ತ್ರಿ ಕಾಶಿಬಾಯಿ ಎಂದು ಹೆಸರಾಯಿತು.

ಹೋದ ದಸರೆಯಲ್ಲಿ ಅವಳ ಮನೆಯಲ್ಲಿ ಎಂದಿನಂತೆ ಖಂಡೇ ಪೂಜೆ ನಡೆಯಿತು. ಕುಡಗೋಲು, ಕೊಡಲಿ, ಉಣ್ಣೆ ಕತ್ತರಿಸುವ ಕತ್ತರಿ, ಡೊಳ್ಳು ಎಲ್ಲವನ್ನೂ ಕಂಬಳಿಯ ಮೇಲೆ ಸಾಲಾಗಿ ಇಟ್ಟರು. ಇಸ್ತ್ರಿಯನ್ನೂ ಇಟ್ಟರು. ಅವರ ದೇವರಿಗೆ ಅರಿಷಿಣದ ಪುಡಿಯೇ ದೊಡ್ಡದು, ಅದನ್ನು ಭಂಡಾರ ಎನ್ನುತ್ತಾರೆ. ದೇವಿಂದ್ರಪ್ಪ ಎಲ್ಲಕ್ಕೂ ಭಂಡಾರ ಹಚ್ಚಿ ಕೈ ಮುಗಿದರು. ನಾನೂ ಹೋಗಿ ಪ್ರಸಾದ ತೆಗೆದುಕೊಂಡು ಬಂದೆ.

ಹಬ್ಬ ಕಳೆದು ಇಸ್ತ್ರಿ ಹಚ್ಚಿದಳು. ಧೋತರದ ತುಂಡಿನ ರೂಢಿ ಆಗಿನ್ನೂ ಇರಲಿಲ್ಲ, ಮೊದಲನೆಯದೇ ಶಾಲೆಯ ಮಾಸ್ತರರ ಬಿಳಿ ಅಂಗಿ. ಉಗಿ ಬಿಟ್ಟ ಕೂಡಲೇ ಇಸ್ತ್ರಿ ಪಿಚಕ್ಕೆಂದು ಉಗುಳಿತು. ಎದೆಯ ಮೇಲೆ ಇಟ್ಟಿಗೆ ಬಣ್ಣದ ಕಲೆ. ಒರೆಸಿ ಇನ್ನೊಮ್ಮೆ ಎಳೆದರೆ ಇನ್ನೊಂದು ಕಲೆ. ಗಾಬರಿಯಿಂದ ಅಂಗಿಯನ್ನು ಸಾಬೂನು ಹಚ್ಚಿ ತಿಕ್ಕಿದಳು. ಕಲೆ ಹೋಗುವ ಬದಲು ಇನ್ನಷ್ಟು ಕೆಂಪಾಯಿತು. ಅದನ್ನು ಅಂಗಳದ ಹಗ್ಗಕ್ಕೆ ಹಾಕಿ, ಇಸ್ತ್ರಿಯನ್ನು ಚೀಲದಲ್ಲಿಟ್ಟುಕೊಂಡು ಆಳಂದದ ಬಸ್ ಹತ್ತಿದಳು.

ಆಳಂದದಲ್ಲಿ ಎಲೆಕ್ಟ್ರಿಕ್ ಅಂಗಡಿಯ ಸಿದ್ದಲಿಂಗ ಇಸ್ತ್ರಿಯನ್ನು ಅಲ್ಲಾಡಿಸಿ ಕಾಗದದ ಮೇಲೆ ಒಂದಿಷ್ಟು ನೀರು ಉಗುಳಿಸಿದ.

"ಒಳಗ ಜಂಗ ಹಿಡದಾದ ಅಕ್ಕಾ. ಕೆಂಪ್ ನೀರು ನೋಡ್ರಿ. ಇದನ್ನ ಬಿಚ್ಚಿದ್ರ ಹೊಳ್ಳಿ ಕೂಡೂದಿಲ್ಲ. ಗುಜರಿಗಿ ಹಾಕ್ರಿ."

"ತಂದು ಭಾಳ ದಿನಾ ಆಗಿಲ್ಲಲ್ರಿ ಅಣ್ಣಾ."

"ಜಂಗ ವಯಸ್ಸ ಕೇಳಿ ಬರ್ತದೇನ್ರಿ?"

ಅವನು ಕೆಟ್ಟ ಮನುಷ್ಯನಲ್ಲ. ಹೊಸದನ್ನು ಕೊಳ್ಳಿರೆಂದು ಜುಲುಮೆ ಮಾಡಲಿಲ್ಲ. ಕಂಡದ್ದನ್ನು ಹೇಳಿದ. ಕೆಂಪು ನೀರು ಕಂಡರೆ ಯಾರಾದರೂ ತುಕ್ಕು ಎಂದೇ ಹೇಳುತ್ತಾರೆ.

ಮನೆಗೆ ಬಂದಾಗ ಕಟ್ಟೆಯ ಮೇಲೆ ಒಂದು ದೊಡ್ಡ ಗಂಟು ಕುಳಿತಿತ್ತು. ಅದರ ಪಕ್ಕ ಡೊಳ್ಳಿನ ಮೇಳದ ಹಿರಿಯ ಬೀರಣ್ಣ ಕುಳಿತಿದ್ದ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ರಾಜ್ಯೋತ್ಸವಕ್ಕೆ ಇವರ ಮೇಳವನ್ನು ಕರೆದಿದ್ದರು. ಎಲ್ಲರ ಬಿಳಿ ಅಂಗಿ, ಧೋತರ, ರುಮಾಲು ಆ ಗಂಟಿನಲ್ಲಿದ್ದವು.

"ಗೆರಿ ಹಿಂಗ ಇರ್ಬೇಕು ನೋಡು ತಂಗಿ, ಮುಟ್ಟಿದ್ರ ಬೆರಳ ಕೊಯ್ಬೇಕು," ಎಂದ ಬೀರಣ್ಣ.

ಕಾಶಿಬಾಯಿ ಇಸ್ತ್ರಿಯ ಸಂಗತಿ ಹೇಳಿದಳು. ಅವನ ಮುಖ ಇಳಿಯಿತು.

"ನಾಳಿ ಸಂಜಿ ತನಕ ನೋಡ್ತೇನಿ. ಆಗಲಿಲ್ಲಂದ್ರ ಆಳಂದದ ಲಾಂಡ್ರಿಗಿ ಒಯ್ತೇನಿ. ಸಿಟ್ಟಾಗಬ್ಯಾಡ ಮತ್ತ. ಒಮ್ಮಿ ಕೆಂಪ್ ಕಲಿ ಬಿತ್ತಂದ್ರ ಯಾರೂ ಬಟ್ಟಿ ಕೊಡೂದಿಲ್ಲ, ನಿನಗೂ ಗೊತ್ತದ."

ಸಂಜೆ ಊಟಕ್ಕೆ ಕುಳಿತಾಗ ಮಾಳಿಂಗ ತಲೆ ತಗ್ಗಿಸಿಕೊಂಡೇ ಹೇಳಿದ: "ಬಿಳಿಜೋಳದಾಗ ಕಸಾ ತಗಿಲಾಕ ಹೆಣ್ಣಾಳು ಸಿಗವಲ್ರು ಅಂತ ಹೊಲದ ಧಣಿ ಅನ್ನಾಕತ್ತಿದ್ರು."

ಕಾಶಿಬಾಯಿ ತನ್ನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಕುಳಿತಳು. ಇಸ್ತ್ರಿ ಹೋದರೆ ಮುಂದೇನು ಎಂಬುದು ಇಬ್ಬರಿಗೂ ತಿಳಿದಿತ್ತು. ರೊಟ್ಟಿ ತಟ್ಟಲು ಸಹ ಅವಳು ಒಲೆಯನ್ನು ಕಟ್ಟೆಯ ಮೇಲೆ ಇಡಿಸಿಕೊಂಡಿದ್ದಾಳೆ. ಇನ್ನು ಹೊಲದಲ್ಲಿ ಸಾಲು ಹಿಡಿದು ಕುಳಿತು ಸರಿಯುವುದು ಹೇಗೆ?

ಮರುದಿನ ಮಧ್ಯಾಹ್ನ ಹಗ್ಗದ ಮೇಲಿನ ಮಾಸ್ತರರ ಅಂಗಿ ತೆಗೆಯಲು ಹೋದಳು. ಅಂಗಿಯನ್ನು ತಿರುವಿದಳು, ಮುರುವಿದಳು. ಕಲೆ ಎಲ್ಲಿ ಬಿದ್ದಿತ್ತೆಂದು ಹುಡುಕಬೇಕಾಯಿತು. ಬಿಸಿಲಿಗೆ ಒಡ್ಡಿದ ಕಡೆ ಸ್ವಚ್ಛ ಬಿಳುಪು. ಹಗ್ಗದ ಮಡಿಕೆಯಲ್ಲಿ ನೆರಳಾಗಿದ್ದ ಒಂದು ಕಲೆ ಮಾತ್ರ ಹಾಗೇ ಕೆಂಪಗಿತ್ತು.

ಗೋಡೆಯ ಆಚೆ ಪಕ್ಕದ ಮನೆಯ ಖಾಸೀಂಬಿ ಹಪ್ಪಳ ತಿರುವುತ್ತಿದ್ದಳು. ಅವಳ ಮಗ ಬಸ್ ನಿಲ್ದಾಣದಲ್ಲಿ ಗೋಬಿ ಮಂಚೂರಿ ಗಾಡಿ ಹಚ್ಚುತ್ತಾನೆ.

"ಖಾಸೀಂಬಕ್ಕಾ, ಜಂಗಿನ ಕಲಿ ಬಿಸಲಿಗಿ ಹೋಗ್ತದೇನ್?"

"ಹೋಗೂದಿದ್ರ ನಮ್ಮನಿ ತಗಡಿನ ಪತ್ರಾ ಎಂದೋ ಬೆಳ್ಳಗ ಆಗ್ತಿತ್ತು ಬೇ. ಬಿಸಲಿಗಿ ಹೋಗೂದು ಸಾರಿನ ಕಲಿ. ಅರಿಷಿಣದ್ದು."

ಕಾಶಿಬಾಯಿ ಅಂಗಿ ಹಿಡಿದುಕೊಂಡು ಹಾಗೇ ನಿಂತಳು. ಅರಿಷಿಣಕ್ಕೆ ಸಾಬೂನು ಹಚ್ಚಿದರೆ ಕೆಂಪಾಗುತ್ತದೆ. ಬಿಸಿಲಿಗೆ ಹಾಕಿದರೆ ಹಾರಿ ಹೋಗುತ್ತದೆ. ಪ್ರತಿ ವಾರ ಬಟ್ಟೆ ಒಗೆಯುವ ಯಾವ ಹೆಂಗಸಿಗೆ ಇದು ತಿಳಿಯದು? ಇಸ್ತ್ರಿಯ ಹೊಟ್ಟೆಯಿಂದ ಬಂದದ್ದೆಂದು ಅವಳ ಲಕ್ಷ್ಯ ಅತ್ತ ಹೋಗಿರಲಿಲ್ಲ, ಅಷ್ಟೇ. ಒಳಗೆ ಹೋಗಿ ಅರ್ಧ ಲಿಂಬಿಕಾಯಿ ತಂದು ಉಳಿದಿದ್ದ ಕೆಂಪು ಕಲೆಯ ಮೇಲೆ ಹಿಂಡಿದಳು. ಕೆಂಪು ಹೋಗಿ ಹಳದಿಯಾಯಿತು. ತುಕ್ಕಾಗಿದ್ದರೆ ಹಳದಿ ಆಗುತ್ತಿರಲಿಲ್ಲ.

ಇಸ್ತ್ರಿಯ ಒಳಗೆ ಅರಿಷಿಣ ಹೇಗೆ ಬಂತು? ಮಾವ ಟಗರಿಗೆ ಸೊಪ್ಪು ಹಾಕುತ್ತಿದ್ದರು. ಅವಳು ಹೋಗಿ ಮೆಲ್ಲಗೆ ಕೇಳಿದಳು.

"ಮಾಮಾ, ಪೂಜಿ ದಿನ ಇಸ್ತ್ರಿಗಿ ಭಂಡಾರ ಎಲ್ಲಿ ಹಚ್ಚಿದ್ರಿ?"

"ಎಲ್ಲಾದಕ್ಕೂ ಹಣಿಗಿ ಹಚ್ಚಿದೆ. ಅದಕ್ಕೂ ಹಚ್ಚಿದೆ." ಮುದುಕರ ಮುಖ ಅರಳಿತು. "ಕುಡಗೋಲಿಗಿ ಬಾಯಿ ಇಲ್ಲ, ಕೊಡಲಿಗಿ ಬಾಯಿ ಇಲ್ಲ. ಅದಕ್ಕೊಂದು ಸಣ್ಣ ಬಾಯಿ ಅದ ನೋಡು, ಮುಚ್ಚಳಾ ತಗದ ಇತ್ತು. ಮನಿ ನಡಸೂ ಜೀವಾ ಅದು, ಅದರ ಬಾಯಾಗೂ ಪ್ರಸಾದ ಹಾಕಿದೆ."

"ಎಷ್ಟು ಹಾಕಿದ್ರಿ?"

"ದೇವರ ಪ್ರಸಾದ ಕಡಿಮಿ ಹಾಕ್ತಾರೇನು? ಮುಟಗಿ ತುಂಬಾ ಹಾಕಿದೆ."

ಕಾಶಿಬಾಯಿಗೆ ನಗು ಬಂತು, ಆದರೆ ಅವರ ಮುಂದೆ ನಗಲಿಲ್ಲ. ಅಷ್ಟು ಪ್ರೀತಿಯಿಂದ ಆ ಯಂತ್ರಕ್ಕೆ ಉಣಿಸಿದವರು ಬೇರೆ ಯಾರಿದ್ದಾರೆ? "ಛಲೋ ಮಾಡೀರಿ ಮಾಮಾ. ಈಗ ಅದರ ಬಾಯಿ ತೊಳೀಬೇಕು. ನಿಮ್ದೊಂದು ಹಳೀ ಧೋತರ ಕೊಡ್ರಿ," ಎಂದಳು.

ಸಂಜೆಗೆ ಇನ್ನೂ ಹೊತ್ತಿತ್ತು. ಇಸ್ತ್ರಿಯ ಹೊಟ್ಟೆಗೂ ಹುಳಿಯೇ ಬೇಕೆಂದು ಕಾಶಿಬಾಯಿ ಗೋಡೆಯ ಬಳಿ ಹೋಗಿ ಕೇಳಿದಳು. ಖಾಸೀಂಬಿ ಮಗನ ಗಾಡಿಯ ವಿನೆಗರ್ ಬಾಟಲಿಯನ್ನು ಗೋಡೆಯ ಮೇಲಿಂದ ಕೊಟ್ಟಳು. "ಇಸ್ತ್ರಿಗಿ ಗೋಬಿ ತಿನಸ್ತೀಯೇನ್ ಬೇ?" ಎಂದು ಕೇಳದೆ ಬಿಡಲಿಲ್ಲ. ಕಾಶಿಬಾಯಿ ಇಸ್ತ್ರಿಯನ್ನು ಬೋರಲು ಹಾಕಿ ಒಳಗಿದ್ದ ನೀರನ್ನೆಲ್ಲ ಚೆಲ್ಲಿದಳು. ಅರ್ಧ ವಿನೆಗರ್, ಅರ್ಧ ಫಿಲ್ಟರ್ ನೀರು ಕೂಡಿಸಿ ತುಂಬಿದಳು. ಮೊದಲ ಸಲ ಅವಸರ ಮಾಡಿದಳು. ಇಸ್ತ್ರಿ ಪೂರ್ತಿ ಕಾಯುವ ಮೊದಲೇ ಉಗಿಯ ಗುಂಡಿ ತಿರುವಿದ್ದರಿಂದ ತೂತುಗಳಿಂದ ಬರೀ ನೀರು ತೊಟ್ಟಿಕ್ಕಿತು, ಒಳಗಿನದು ಏನೂ ಹೊರಬರಲಿಲ್ಲ. ಮತ್ತೆ ತುಂಬಿ, ಈ ಸಲ ಬಿಸಿಯನ್ನು ತುದಿಗಿಟ್ಟು, ದೀಪ ಆರುವ ತನಕ ಕಾಯ್ದಳು. ಇನ್ನಷ್ಟು ಹೊತ್ತು ಹಾಗೇ ಬಿಟ್ಟಳು. ಆಮೇಲೆ ಪ್ಲಗ್ ಕಿತ್ತು, ಇಸ್ತ್ರಿಯನ್ನು ಕಬ್ಬಿಣದ ಬುಟ್ಟಿಯ ಮೇಲೆ ಅಡ್ಡಡ್ಡ ಹಿಡಿದು, ಕೈ ದೂರವಿಟ್ಟು ಗುಂಡಿ ತಿರುವಿದಳು.

ಹಿಡಿದಿಟ್ಟ ಕೆಮ್ಮು ಬಿಟ್ಟಂತೆ ಇಸ್ತ್ರಿ ಬುಸುಗುಟ್ಟಿತು. ಹಳದಿ ನೀರು ಬಂತು. ಅದರ ಹಿಂದೆ ವಿಭೂತಿಯ ಚೂರಿನಂಥ ಬಿಳಿ ಹಕ್ಕಳೆಗಳು ಉದುರಿದವು. ಅದು ನಮ್ಮೂರ ಬೋರಿನ ಗಡಸು ನೀರಿನ ಸುಣ್ಣ, ಕೊಡದ ತಳದಲ್ಲಿ ಕಟ್ಟುವಂಥದೇ. ಆ ಸುಣ್ಣಕ್ಕೆ ಅರಿಷಿಣ ಕೂಡಿ ಕೆಂಪಾಗಿತ್ತು. ಕಾಶಿಬಾಯಿ ಇಸ್ತ್ರಿಯನ್ನು ಹಿಂದೆ ಮುಂದೆ ಅಲ್ಲಾಡಿಸುತ್ತ ಹೊಟ್ಟೆ ಖಾಲಿ ಮಾಡಿದಳು. ಆಮೇಲೆ ವಿನೆಗರ್ ಬಿಟ್ಟು ಬರೀ ಫಿಲ್ಟರ್ ನೀರು ತುಂಬಿ, ಕಾಯಿಸಿ, ಮತ್ತೆ ಉಗುಳಿಸಿದಳು. ಬುಟ್ಟಿಯ ನೀರು ತಿಳಿಯಾಗುವ ತನಕ ಹೀಗೇ ನಡೆಯಿತು. ಪೂರ್ತಿ ಆರಿದ ಮೇಲೆ ಕಡ್ಡಿಗೆ ಹಸಿ ಬಟ್ಟೆ ಸುತ್ತಿ ತಳದ ಒಂದೊಂದು ತೂತನ್ನೂ ಒರೆಸಿದಳು. ಸೂಜಿ ಹಾಕಲಿಲ್ಲ, ಗೀರು ಬಿದ್ದರೆ ಅದು ಬಟ್ಟೆಯನ್ನು ಹಿಡಿಯುತ್ತದೆ.

ಬುಟ್ಟಿಯ ನೀರನ್ನು ಮೋರಿಗೆ ಚೆಲ್ಲಲು ಮನಸ್ಸಾಗಲಿಲ್ಲ. ಎಷ್ಟಾದರೂ ಭಂಡಾರದ ನೀರು. ಯಾರೂ ತುಳಿಯದ ಹಿತ್ತಲ ಮೂಲೆಗೆ ಒಯ್ದು ಸುರಿದು, ನೆಲಕ್ಕೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು.

ಮಾವನ ಧೋತರ ಹಾಸಿ ಇಸ್ತ್ರಿ ಕಾಯಿಸಿದಳು. ದೀಪ ಆರಿತು. ಉಗಿ ಬಿಟ್ಟು ಒಮ್ಮೆ ಎಳೆದಳು. ಧೋತರವನ್ನು ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದಳು. ನಾನು ಆಗ ಅವಳ ಕಟ್ಟೆಯ ಮೇಲಿದ್ದೆ. ಅವಳು ಧೋತರವನ್ನು ನನ್ನ ಮುಂದೆ ಹಿಡಿದಳು. ಹಾಲಿನ ಕೆನೆಯಂತೆ ಬೆಳ್ಳಗಿತ್ತು.

ಬೀರಣ್ಣ ಗಂಟು ಒಯ್ಯಲೆಂದು ಬಂದಾಗ ಗಂಟೇ ಇರಲಿಲ್ಲ. ಅಂಗಿಗಳು ಒಂದರ ಮೇಲೊಂದು ಗೆರೆ ಕೂಡಿ ಕುಳಿತಿದ್ದವು. ಅರ್ಧ ಮುಗಿದಿತ್ತು, ಅರ್ಧ ನಡೆದಿತ್ತು. ಅವನು ಒಂದು ಅಂಗಿಯ ತೋಳಿನ ಗೆರೆ ಮುಟ್ಟಿ ಬೆರಳು ಝಾಡಿಸಿದ.

"ಕೊಯ್ತು ನೋಡು ತಂಗಿ," ಎಂದ.

ಕಡಗಂಚಿಗೆ ಹೋದ ಜೀಪಿನಲ್ಲಿ ಕಾಶಿಬಾಯಿಯನ್ನೂ ಮುಂದಿನ ಸೀಟಿನಲ್ಲಿ ಕೂಡ್ರಿಸಿಕೊಂಡು ಹೋದರು. ಮೇಳ ಅಂಗಳಕ್ಕೆ ಇಳಿದಾಗ ಬಿಸಿಲಿಗೆ ಆ ಬಿಳುಪು ಕಣ್ಣು ಕುಕ್ಕುತ್ತಿತ್ತು ಎಂದು ಮಾಳಿಂಗ ಊರಿಗೆಲ್ಲ ಹೇಳಿದ. ಅಲ್ಲಿ ಯಾರೋ, ಇವನ್ನು ಯಾವ ಪ್ಯಾಟಿ ಲಾಂಡ್ರಿಯಲ್ಲಿ ಮಾಡಿಸಿದಿರಿ ಎಂದು ಕೇಳಿದರಂತೆ. ಬೀರಣ್ಣ ಡೊಳ್ಳಿನ ಕೋಲಿನಿಂದಲೇ ಕಾಶಿಬಾಯಿಯ ಕಡೆ ತೋರಿಸಿ, "ಲಾಂಡ್ರಿ ಅಲ್ಲಿ ಕುಂತಾದ ನೋಡ್ರಿ," ಎಂದನಂತೆ. ಆಳಂದದ ಸಿದ್ದಲಿಂಗನೂ ಈಗ ಯಾರಾದರೂ ಕೆಂಪು ನೀರಿನ ಇಸ್ತ್ರಿ ತಂದರೆ, "ಮೊದಲ ಲಿಂಬಿಕಾಯಿ ಹಿಂಡಿ ನೋಡ್ರಿ," ಎನ್ನುತ್ತಾನೆ. ಮಾಸ್ತರರಿಂದ ಹಿಡಿದು ಎಲ್ಲ ಗಿರಾಕಿಗಳೂ ಉಳಿದರು. ಮೇಳಕ್ಕೆ ಎಲ್ಲಿ ಕರೆ ಬಂದರೂ ಬಟ್ಟೆ ಅವಳ ಮನೆಗೇ ಬರುತ್ತದೆ.

ಮಾವನಿಗೆ ನಡೆದ ಸಂಗತಿಯನ್ನು ಯಾರೂ ಹೇಳಿರಲಿಲ್ಲ. ಖಾಸೀಂಬಿಯ ಬಾಯಲ್ಲಿ ಎಷ್ಟು ದಿನ ನಿಂತೀತು? ಒಂದು ಬೆಳಿಗ್ಗೆ ಅವರು ಟಗರಿನ ಹಗ್ಗ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು. ಕಾಶಿಬಾಯಿ ಆಗಷ್ಟೇ ಧೋತರದ ತುಂಡನ್ನು ಬೆಳಕಿಗೆ ಹಿಡಿದಿದ್ದಳು.

"ನಾ ಹಾಕಿದ್ದರಿಂದ ನಿನ್ನ ಕೆಲಸಾ ಹೋಗೂದಿತ್ತಂತ," ಎಂದರು. "ಇವತ್ತ ಸಂತಿ ಅದ. ಈ ಟಗರು ಮಾರಿ ಹೊಸಾ ಇಸ್ತ್ರಿ ಕೊಡಸ್ತೇನಿ. ಇದಕ್ಕಿಂತ ದೊಡ್ಡದು."

ಕಾಶಿಬಾಯಿ ತುಂಡನ್ನು ಮಡಿಸಿ ಮೇಜಿನ ಮೂಲೆಯಲ್ಲಿಟ್ಟಳು.

"ಬ್ಯಾಡ್ರಿ ಮಾಮಾ. ಇದರ ಹೊಟ್ಟಿ ಬ್ಯಾನಿ ನನಗ ಗೊತ್ತಾಗ್ಯಾದ. ಹೊಸಾದರ ಬ್ಯಾನಿ ಮತ್ತ ಮೊದಲಿಂದ ಕಲೀಬೇಕು. ಮುಂದಿನ ಹಬ್ಬಕ್ಕ ನೀವೇ ಭಂಡಾರ ಹಚ್ರಿ, ಹಣಿಗಿ ಅಷ್ಟೇ ಹಚ್ರಿ. ಟಗರು ಮಾರಿದ್ರ ನೀವು ದಿನಾ ಯಾರ ಕೂಡ ಜಗಳಾ ಆಡ್ತೀರಿ? ನನ್ನ ಕೂಡನ ಆಡ್ತೀರಿ. ಒಯ್ದು ಕಟ್ರಿ ಅದನ್ನ."