ಅಣ್ಣನೊಳಗೆ ಕೂತ ನನ್ನ ಕಾವಲುಗಾರರು

ಅಣ್ಣನ ಅಂಗೈ ಕೆಂಪಾಗಿರುವುದನ್ನು ಕಂಡಾಗಿನಿಂದ ನನಗೆ ಒಂದೇ ಚಿಂತೆ. ರಕ್ತದ ಕ್ಯಾನ್ಸರ್ ಮರಳಿ ಬಂತೋ, ಅಥವಾ ನಾನು ಕೊಟ್ಟ ಅಸ್ಥಿಮಜ್ಜೆಯೇ ಅವನ ಮೇಲೆ ತಿರುಗಿಬಿತ್ತೋ?

ಅಣ್ಣ ಕ್ಷೌರದಂಗಡಿಯವನು. ಆಸ್ಪತ್ರೆಯಲ್ಲಿ ಮೊದಲು ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಇಮ್ಯುನೋಥೆರಪಿ ಕೊಟ್ಟು ಅವನ ರಕ್ತದಲ್ಲಿ ಅಡಗಿದ್ದ ಕಾಯಿಲೆಯನ್ನು ಗುಡಿಸಿ ಹಾಕಿದರು. ಅದು ಮತ್ತೆ ತಲೆಯೆತ್ತದಿರಲೆಂದು ನನ್ನ ಅಸ್ಥಿಮಜ್ಜೆಯನ್ನು ಕಸಿ ಮಾಡಿ, ನನ್ನ ಜೀವಕೋಶಗಳನ್ನು ಕಾವಲಿಗೆ ಕೂರಿಸಿದರು. ಅಂದಿನಿಂದ ಅವನ ತಪ್ಪೆಲ್ಲ ನನ್ನ ತಲೆಗೆ. ಗಿರಾಕಿಯ ಮೀಸೆ ಓರೆಯಾದರೆ, "ನನ್ನದೇನಿಲ್ಲ ಸ್ವಾಮಿ, ತಂಗಿ ರಕ್ತ, ಸ್ವಲ್ಪ ನಡುಗುತ್ತೆ" ಎನ್ನುತ್ತಾನೆ.

ಈಗ ಅಂಗೈ ಮುಚ್ಚಲು ಕೈಗವಸು ಹಾಕಿಕೊಂಡಿದ್ದ. ಅಂಗಡಿ ಸುಧಾರಿಸಿತೆಂದು ಗಿರಾಕಿಗಳು ಹೊಗಳುತ್ತಿದ್ದರು.

"ಆಸ್ಪತ್ರೆಗೆ ಫೋನ್ ಮಾಡ್ಲಾ?" ಎಂದೆ, ನನ್ನ ಮಗುವನ್ನು ಸೊಂಟಕ್ಕೇರಿಸಿಕೊಳ್ಳುತ್ತ.

"ಸುಮ್ನಿರೇ ಪುಕ್ಕಲಿ. ನೀನು ಸೀನಿದ್ರೂ ಅವರಿಗೆ ಫೋನ್ ಹೋಗುತ್ತೆ."

ಅದು ನಿಜ. ಮಗುವಿನ ಬಿಕ್ಕಳಿಕೆಗೂ ಅಲ್ಲಿಗೇ ಫೋನ್ ಮಾಡಿದವಳು ನಾನು. ನಾಚಿಕೆಯಾಗಿ ತಡೆದುಕೊಂಡೆ. ಕೊನೆಗೆ ತಡೆಯಲಾರದೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಫೋನ್ ಮಾಡಿದೆ.

ನರ್ಸ್ ನನ್ನ ದನಿಯನ್ನು ತಕ್ಷಣ ಗುರುತಿಸಿದರು. "ಅಂಗೈ ಕೆಂಪಗಿರೋದು ತಾನೇ? ನಿನ್ನೆ ರಕ್ತ ನೋಡಿದ್ವಿ, ಕ್ಯಾನ್ಸರಿನ ಸುಳಿವಿಲ್ಲ. ನಿಮ್ಮ ಜೀವಕೋಶಗಳು ಸ್ವಲ್ಪ ಜೋರು, ಅಷ್ಟೆ. ಡಾಕ್ಟರು ಮುಲಾಮು ಕೊಟ್ಟಿದ್ದಾರೆ."

"ನಿನ್ನೆ ಅವನೇ ಬಂದಿದ್ನಾ?"

"ಬಂದಿದ್ರು. ಇವತ್ತು ಬೆಳಿಗ್ಗೆಯಿಂದ ನಾಲ್ಕು ಸಲ ಫೋನೂ ಮಾಡಿದ್ರು. ತಂಗಿಗೆ ಹೇಳ್ಬೇಡಿ, ಹೆದರ್ತಾಳೆ ಅಂದ್ರು. ಕಸಿಗೆ ಮೊದಲು ಹೀಗಿರಲಿಲ್ಲಮ್ಮ ಅವರು."