ನಳಿಕೆ ಇಳಿಸುವಾಗ ನಿಂತ ಉಸಿರು

ಈಗಿನ ಡಾಕ್ಟರುಗಳಿಗೆ ಹೇಳಿದರೆ ನಗುತ್ತಾರೆ. ನಾನು ಮೈಸೂರಿನಲ್ಲಿ ಅರಿವಳಿಕೆ ಕೊಡುತ್ತಿದ್ದ ಕಾಲದಲ್ಲಿ, ರೋಗಿಯ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಯಂತ್ರ ನಮ್ಮಲ್ಲಿರಲಿಲ್ಲ. ಗಂಟಲಿಗೆ ನಳಿಕೆ ಇಳಿಸುವಾಗ ನಾವೂ ಉಸಿರು ಹಿಡಿಯುತ್ತಿದ್ದೆವು. ನಮಗೆ ತಡೆಯಲಾಗದಿದ್ದರೆ ರೋಗಿಗೂ ಆಗದು ಎಂದು ಲೆಕ್ಕ. ತಕ್ಷಣ ಮುಖಕ್ಕೆ ಮಾಸ್ಕ್ ಒತ್ತಿ, ರಬ್ಬರ್ ಚೀಲ ಹಿಚುಕಿ ಆಕ್ಸಿಜನ್ ಕೊಟ್ಟು, ಮತ್ತೆ ಪ್ರಯತ್ನಿಸಬೇಕು.

ಒಂದು ಮಧ್ಯಾಹ್ನ, ನಾಗರಹಾವು ಕಚ್ಚಿದ ಅಜ್ಜಿಯೊಬ್ಬರನ್ನು ಇಲವಾಲದಿಂದ ಎತ್ತಿನ ಗಾಡಿಯಲ್ಲಿ ತಂದರು. ರೆಪ್ಪೆ ಬಿದ್ದಿತ್ತು, ಕೈಕಾಲು ಆಡುತ್ತಿರಲಿಲ್ಲ, ತುಟಿ ನೀಲಿಗಟ್ಟಿತ್ತು. "ಹೋದ್ರು ಅನ್ಸುತ್ತೆ ಸಾರ್" ಅಂದರು ಸಿಸ್ಟರ್. ಮೊದಲ ಸಲ ನಳಿಕೆ ಇಳಿಯಲಿಲ್ಲ. ನನ್ನ ಎದೆ ಬಿಗಿದಾಗ ಬಿಟ್ಟು, ಚೀಲ ಹಿಚುಕಿದೆ. ತುಟಿಗೆ ಬಣ್ಣ ಬಂದ ಮೇಲೆ ಎರಡನೇ ಸಲಕ್ಕೆ ಇಳಿಯಿತು.

ವಾರ ಕಳೆದು ಅಜ್ಜಿ ಎದ್ದು ಕೂತು ನನ್ನನ್ನು ಹತ್ತಿರ ಕರೆದರು.

"ನಂಗೆಲ್ಲಾ ಕೇಳ್ತಿತ್ತು ಕಣಪ್ಪ. ಕಣ್ಣು ಬುಡಕ್ಕಾಗ್ತಿರ್ನಿಲ್ಲ, ಅಷ್ಟೇಯ. ನಿನ್ನ ಉಸ್ರು ನನ್ನ ಮೊಕದ ಮ್ಯಾಲೆ ಆಡ್ತಿತ್ತು. ಇದ್ದಕ್ಕಿದ್ದಂಗೆ ನಿಂತೋಯ್ತು."

ನಾನು ಮಂಚದ ಅಂಚಿಗೆ ಕೂತೆ.

"ಉಳಿಸಕ್ಕೆ ಬಂದೋನೇ ಸತ್ತೋದ್ನಲ್ಲಪ್ಪ ಅಂದ್ಕಂಡೆ. ವಸಿ ಹೊತ್ತಿಗೆ ಬಂತು, ತಿರ್ಗಾ ನಿಂತೋಯ್ತು. ಈ ಮಗ ಉಳುದ್ರೆ ಮುಡಿ ಕೊಡುಸ್ತೀನಿ ಅಂತ ನಂಜುಂಡಪ್ಪಂಗೆ ಹರಕೆ ಕಟ್ಕಂಡೆ."

"ಯಾರ ಮುಡಿ ಅಜ್ಜಿ?"

"ನಿಂದೇ ಕಣಪ್ಪ. ಉಳ್ದೋನು ನೀನಲ್ವಾ?"

ನಗೋಣವೆಂದುಕೊಂಡೆ, ನಗು ಬರಲಿಲ್ಲ. ಆ ಭಾನುವಾರವೇ ನಂಜನಗೂಡಿಗೆ ಹೋಗಿಬಂದೆ.

ಮರುದಿನ ನನ್ನ ಬೋಳು ತಲೆ ನೋಡಿದ ಸಿಸ್ಟರ್ ದನಿ ತಗ್ಗಿಸಿ, "ಯಾರು ತೀರ್ಕೊಂಡ್ರು ಸಾರ್?" ಎಂದು ಕೇಳಿದರು.

"ನಾನೇ ಅಂತೆ" ಅಂದೆ. "ಎರಡು ಸಲ."